ಜಾಮೀನು ಮಂಜೂರಾಗಿಯೂ ಬಿಡುಗಡೆಯಾಗದ ವಿಚಾರಣಾಧೀನ ಕೈದಿಗೆ ಕಾನೂನಿನಲ್ಲಿ ಯಾವ ದಾರಿಯಿದೆ?

ಕಳವಿನ ಆರೋಪದ ಮೇಲೆ ನಿಮ್ಮ ತಮ್ಮ 14 ತಿಂಗಳಿಂದ ಜೈಲಿನಲ್ಲಿದ್ದಾನೆ, ಜಾಮೀನು ಮಂಜೂರಾಗಿ ಮೂರು ತಿಂಗಳು ಕಳೆದರೂ ಜಾಮೀನುದಾರರು ಸಿಗದೆ ಹೊರಬರಲಾಗಿಲ್ಲ ಎಂದು ಬರೆದಿದ್ದೀರಿ. ಬ್ರಿಟಿಷರ ಕಾಲದ ಜೈಲು ಕಾಯ್ದೆ ಹೋಗಿ ಹೊಸದು ಬಂದರೆ ಇಂಥವರ ಕಷ್ಟ ತೀರುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲನಾಗಿ ಹಲವು ವರ್ಷ ಜೈಲುಗಳಿಗೆ ಹೋಗಿಬಂದವನು ನಾನು. ಹೊಸ ಜೈಲು ಕಾಯ್ದೆಯಿಂದ ಒಳಗಿರುವವರ ಬದುಕು ಸುಧಾರಿಸಬಹುದು. ಆದರೆ ನಿಮ್ಮ ತಮ್ಮನನ್ನು ಹೊರತರಬಲ್ಲ ಕಾನೂನು ಇರುವುದು ಜೈಲು ಕಾಯ್ದೆಯಲ್ಲಲ್ಲ, ದಂಡಪ್ರಕ್ರಿಯೆಯಲ್ಲಿ, ಅಂದರೆ ಬಂಧನ, ಜಾಮೀನು, ವಿಚಾರಣೆಗಳ ವಿಧಾನವನ್ನು ಹೇಳುವ ಕಾನೂನಿನಲ್ಲಿ. ಅದು ಈಗಾಗಲೇ ಜಾರಿಯಲ್ಲಿದೆ.

ಜೈಲು ಕಾಯ್ದೆಯ ಮಾತನ್ನು ಮೊದಲು ಮುಗಿಸುತ್ತೇನೆ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಕಾರಾಗೃಹಗಳು ರಾಜ್ಯಪಟ್ಟಿಗೆ ಸೇರಿದ ವಿಷಯ. ಕರ್ನಾಟಕವು 1963ರಲ್ಲೇ ತನ್ನದೇ ಕಾರಾಗೃಹ ಕಾಯ್ದೆಯನ್ನು ಮಾಡಿಕೊಂಡಿತಾದರೂ ಅದರ ಅಚ್ಚು 1894ರ ಕಾಯ್ದೆಯದೇ. ಶಿಸ್ತು ಮುರಿದ ಕೈದಿಗೆ 30ರವರೆಗೆ ಛಡಿಯೇಟು ಕೊಡಲು ಅವಕಾಶವಿಟ್ಟಿದ್ದ ಆ ಕಾಯ್ದೆಗೆ ಕೈದಿಯನ್ನು ತಪ್ಪಿಸಿಕೊಳ್ಳದಂತೆ ಕಾಯುವುದೇ ಮುಖ್ಯವಾಗಿತ್ತು, ಅವನು ಮರಳಿ ಊರು ಸೇರಿ ಬಾಳಬೇಕಾದವನು ಎಂಬ ಯೋಚನೆ ಅದರಲ್ಲಿ ಕಾಣುವುದಿಲ್ಲ. 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ರೂಪಿಸಿದ ಮಾದರಿ ಕಾಯ್ದೆಯು ಕೈದಿಯ ತಿದ್ದುವಿಕೆ, ಪೆರೋಲ್ ಎಂಬ ತಾತ್ಕಾಲಿಕ ಬಿಡುಗಡೆ, ಬಿಡುಗಡೆಯ ನಂತರದ ಪುನರ್ವಸತಿಯ ಬಗ್ಗೆ ಮಾತನಾಡುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಶಾಸಕಾಂಗ ಒಪ್ಪದೆ ಎಲ್ಲಿಯೂ ಜಾರಿಗೆ ಬಾರದು. ಬರವಣಿಗೆಯಲ್ಲಿರುವ ನಿಯಮಗಳು ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳು ಅಡುಗೆಯನ್ನು ಒಂದು ಜಾತಿಗೂ ಶೌಚಾಲಯದ ಶುಚಿಯನ್ನು ಇನ್ನೊಂದು ಜಾತಿಗೂ ಹಂಚಿಕೊಟ್ಟಿದ್ದವು. ಅವು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಸ್ವಾತಂತ್ರ್ಯ ಬಂದು 77 ವರ್ಷಗಳಾದ ಮೇಲೆ.

ಇನ್ನು ನಿಮ್ಮ ತಮ್ಮನ ವಿಷಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶಗಳ ಪ್ರಕಾರ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಜನ ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಹೇಳಿರದ ಸ್ಥಿತಿಯಲ್ಲಿ ಒಳಗಿದ್ದರೆಂದರೆ, ಜೈಲು ತುಂಬುವುದೂ ಖಾಲಿಯಾಗುವುದೂ ನ್ಯಾಯಾಲಯದ ಜಾಮೀನು ಆದೇಶದಿಂದಲೇ ಹೊರತು ಜೈಲಿನ ಅಧೀಕ್ಷಕರಿಂದಲ್ಲ. ನಾನು ಭೇಟಿಯಾದವರಲ್ಲಿ ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದ ಒಬ್ಬ ಯುವಕನಿದ್ದ. ಅವನ ಅಣ್ಣ ಎರಡು ಎಕರೆಯ ಪಹಣಿ ಹಿಡಿದು ರಾತ್ರಿ ಬಸ್ಸಿನಲ್ಲಿ ಬಂದರೂ, ಸ್ಥಳೀಯ ಜಾಮೀನುದಾರರೇ ಬೇಕೆಂದು ಅವನನ್ನು ಹಿಂದಕ್ಕೆ ಕಳುಹಿಸಲಾಯಿತು. ಹೀಗೆ ಕಳುಹಿಸಕೂಡದೆಂದು 1978ರಲ್ಲೇ, ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹೇಳಿದ್ದರು; ಅಲ್ಲಿಯೂ ತಿರಸ್ಕೃತನಾಗಿದ್ದವನು ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಸಹೋದರನೇ. ಅಷ್ಟು ಹಳೆಯ ತೀರ್ಪನ್ನು ನಾವು ಮತ್ತೆ ಅರ್ಜಿಯಲ್ಲಿ ಬರೆದು ವಾದಿಸಿ ಆ ಯುವಕನನ್ನು ಹೊರತರುವ ಹೊತ್ತಿಗೆ ಐದು ತಿಂಗಳು ಕಳೆದಿದ್ದವು. ಆ ಐದು ತಿಂಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ ತಮ್ಮನಿಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಬಂಧನದಲ್ಲಿದ್ದರೆ ನ್ಯಾಯಾಲಯ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಸಾಧಾರಣ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಆರೋಪ ಅದೇ ಆಗಿದ್ದರೆ ಒಂದು ವರ್ಷ ಈಗಾಗಲೇ ಮುಗಿದಿದೆ. ಇಲ್ಲಿ ಒಂದು ಪದವನ್ನು ವಕೀಲರೂ ಗಮನಿಸದೆ ಹೋಗುವುದುಂಟು: ಅದೇ ಸಂಹಿತೆಯ ವ್ಯಾಖ್ಯೆಯಂತೆ ಬರಿಯ ಮುಚ್ಚಳಿಕೆ ಎಂದರೆ ಜಾಮೀನುದಾರರಿಲ್ಲದ, ಸ್ವಂತ ಜವಾಬ್ದಾರಿಯ ಮುಚ್ಚಳಿಕೆ. ಜಾಮೀನುದಾರರು ಇರುವ ಮುಚ್ಚಳಿಕೆಗೆ ಅಲ್ಲಿ ಬೇರೆ ಹೆಸರೇ ಇದೆ. ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆಯನ್ನು ಕಾನೂನು ಜೈಲಿನ ಅಧೀಕ್ಷಕರ ಮೇಲೆಯೇ ಹೊರಿಸಿದೆ. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಒಂದು ಎಚ್ಚರಿಕೆ: ಅವನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಈ ಕಲಮಿನ ಲಾಭ ಸಿಗದು. ಬಡವನ ಮೇಲೆ ಒಂದರ ಹಿಂದೊಂದು ಕಳವಿನ ಕೇಸು ಹಾಕುವುದು ಅಪರೂಪವಲ್ಲದ ನಮ್ಮಲ್ಲಿ ಈ ವಿನಾಯಿತಿಯನ್ನು ನಾನು ಅನ್ಯಾಯವೆಂದೇ ಭಾವಿಸುತ್ತೇನೆ.

ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದವರ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಹಣವೇ ಅಡ್ಡಿಯಾಗಿದ್ದರೆ, ಬಡ ಕೈದಿಗಳ ನೆರವಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ವಿಚಾರಣಾಧೀನರಿಗೆ ಹಣದ ನೆರವು ಕೊಡಲು ಅವಕಾಶವಿದೆ.

ನಾಳೆಯೇ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ; ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ, 15100ಕ್ಕೆ ಕರೆ ಮಾಡಿದರೂ ಆದೀತು. ಬಂಧನದಲ್ಲಿರುವವರಿಗೆ ವಕೀಲರ ಸೇವೆ ಉಚಿತ, ಆದಾಯದ ಪುರಾವೆ ಬೇಕಿಲ್ಲ. ಪ್ರಕರಣದ ಸಂಖ್ಯೆ, ಜಾಮೀನು ಆದೇಶದ ಪ್ರತಿ, ಬಂಧನದ ದಿನಾಂಕ ಜೊತೆಗಿರಲಿ. ಅದೇ ದಿನ ಜೈಲಿನ ಅಧೀಕ್ಷಕರಿಗೂ 479ನೇ ಕಲಮನ್ನು ಹೆಸರಿಸಿ ಒಂದು ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.