ಬಡತನ ಎಂದರೆ ನಿಖರವಾಗಿ ಏನು? ಯಾರು ಬಡವರು ಎಂದು ಹೇಗೆ ನಿರ್ಧರಿಸುತ್ತಾರೆ?

ಕೈಯಲ್ಲಿ ಕಾಸಿಲ್ಲದಿರುವುದೇ ಬಡತನ ಎನ್ನುವುದು ಅರ್ಧ ಉತ್ತರ. ಒಂದು ಅಳತೆಗೋಲಿನಲ್ಲಿ ಬಡವರೆನಿಸಿದವರು ಇನ್ನೊಂದರಲ್ಲಿ ಹಾಗೆನಿಸದೇ ಇರಬಹುದು.

ನಿರಪೇಕ್ಷ ಬಡತನದಲ್ಲಿ ಬದುಕಲು ಬೇಕಾದ ಕನಿಷ್ಠ ಖರ್ಚಿಗೆ ಒಂದು ಗೆರೆ ಎಳೆಯುತ್ತಾರೆ. 2025ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಈ ಗೆರೆಯನ್ನು ಒಬ್ಬರಿಗೆ ದಿನಕ್ಕೆ 3 ಡಾಲರ್‌ಗೆ ಏರಿಸಿತು, ಮೊದಲು 2.15 ಇತ್ತು. ಬಹುತೇಕರು ಎಡವುವುದು ಇಲ್ಲೇ. ಇದು ವಿನಿಮಯ ದರದ ಡಾಲರ್ ಅಲ್ಲ, ಕೊಳ್ಳುವ ಶಕ್ತಿಗೆ ಹೊಂದಿಸಿದ ಡಾಲರ್: ಅಮೆರಿಕದಲ್ಲಿ 3 ಡಾಲರ್‌ಗೆ ಸಿಗುವಷ್ಟನ್ನೇ ಆಯಾ ದೇಶದಲ್ಲಿ ಕೊಳ್ಳಲು ಬೇಕಾಗುವ ಹಣ. ನೇರವಾಗಿ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಸಾಪೇಕ್ಷ ಬಡತನ ಸುತ್ತಲಿನವರಿಗೆ ಹೋಲಿಸಿ ಹೇಳುವಂಥದ್ದು. ಯುರೋಪಿಯನ್ ಒಕ್ಕೂಟದಲ್ಲಿ ದೇಶದ ಮಧ್ಯಾಂಕ ಆದಾಯದ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಇರುವವರ ಆದಾಯ) ಶೇ 60ಕ್ಕಿಂತ ಕೆಳಗಿದ್ದರೆ ಬಡತನದ ಅಪಾಯ ಎನ್ನುತ್ತಾರೆ. ಎಲ್ಲರ ಆದಾಯ ಒಮ್ಮೆಗೇ ದುಪ್ಪಟ್ಟಾದರೂ ಇಂಥ ಬಡವರ ಸಂಖ್ಯೆ ಕದಲದು!

ನನಗೆ ಹೆಚ್ಚು ಒಪ್ಪಿಗೆಯಾಗುವುದು 2010ರಲ್ಲಿ ಬಂದ ಬಹುಆಯಾಮದ ಸೂಚ್ಯಂಕ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರಕ್ಕೂ ಸಮಪಾಲು. ಒಟ್ಟು 10 ಸೂಚಕಗಳು: ಆರೋಗ್ಯ, ಶಿಕ್ಷಣಕ್ಕೆ ಎರಡೆರಡು, ಜೀವನಮಟ್ಟಕ್ಕೆ ಆರು. ಕೊರತೆಗಳ ಮೊತ್ತ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡಮನೆ. ಸೌದೆ ಒಲೆ, ಮಣ್ಣಿನ ನೆಲ, ಶೌಚಾಲಯವಿಲ್ಲ: ತಲಾ 1/18ರಂತೆ 1/6. ಮಗು ಶಾಲೆ ಬಿಟ್ಟಿದ್ದರೆ ಇನ್ನೊಂದು 1/6. ಅಲ್ಲಿಗೆ ಗೆರೆ ಮುಟ್ಟಿತು, ಸಂಬಳ ಎಷ್ಟೆಂದು ಕೇಳದೆಯೇ.

ಆದರೆ ಈ ಮೂರೂ ಅಳತೆಗೋಲುಗಳು ಎಣಿಸುವುದು ಮನೆಯನ್ನು. ಆ ಮನೆಯೊಳಗೆ ಕೊನೆಗೆ ಉಣ್ಣುವವರು ಯಾರು, ಎಷ್ಟು ಉಣ್ಣುತ್ತಾರೆ ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ.