ಒಂಬತ್ತನೇ ಪುಟದ ಕೊನೆಯ ಸಾಲು

ನಿವೃತ್ತ ಬ್ಯಾಂಕ್ ಅಧಿಕಾರಿಗಳ ಒಂದೇ ಬಗೆಯ ಬಯೊಡೇಟಾ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಸಲಹೆಗೆಂದು ನನ್ನ ಮೇಜಿಗೆ ಬರುತ್ತಿದೆ, ಅದಕ್ಕಾಗಿ ಈ ಪ್ರಕರಣ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್, ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ವಿಲೀನವಾದವು. ಕರಾವಳಿಯಲ್ಲಿ ಹುಟ್ಟಿದ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಕೆನರಾದ ಹೆಸರೊಂದೇ ಉಳಿಯಿತು. ಅಲ್ಲೆಲ್ಲ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ನೆಲೆಸಿದವರಲ್ಲಿ ಹಲವರಿಗೆ ಯಾವುದಾದರೂ ಕಂಪನಿಯ ಸ್ವತಂತ್ರ ನಿರ್ದೇಶಕರಾಗುವ, ಅಂದರೆ ಕಂಪನಿಯ ಜತೆ ಬೇರೆ ಸಂಬಂಧವಿಲ್ಲದೆ ಅದರ ಬೋರ್ಡಿನಲ್ಲಿ ಕೂರುವ, ಆಸೆ. ಆಸೆ ತಪ್ಪಲ್ಲ, ಅರ್ಹತೆಯೂ ಉಂಟು. ಕೆಡುವುದು ಬಯೊಡೇಟಾದಲ್ಲಿ.

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 62, ಉಪ ಮಹಾಪ್ರಬಂಧಕರಾಗಿ ನಿವೃತ್ತಿ, ಮನೆ ಉಡುಪಿಯಲ್ಲಿ. ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತು ಕಂಪನಿಗಳಿಗೆ ಬಯೊಡೇಟಾ ಕಳಿಸಿದ್ದರು. ಎರಡು ಕಡೆಯಿಂದ ಸ್ವೀಕೃತಿ ಬಂತು, ಉಳಿದ ಕಡೆಯಿಂದ ಅದೂ ಇಲ್ಲ. ಕಳಿಸಿದ್ದು ಎಲ್ಲಿಗೆ ಎಂದು ಕೇಳಿದರೆ, ಎಚ್.ಆರ್. ವಿಭಾಗಕ್ಕೆ. ಅಲ್ಲಿ ಅದು ಕೆಲಸ ಹುಡುಕುವವರ ಕಟ್ಟಿಗೆ ಸೇರಿ ಹೋಗುತ್ತದೆ. ನಿರ್ದೇಶಕರ ಹೆಸರು ಸೂಚಿಸುವುದು ಕಂಪನಿ ಕಾಯ್ದೆಯ 178ನೇ ಕಲಮಿನ ನಾಮನಿರ್ದೇಶನ ಮತ್ತು ಸಂಭಾವನೆ ಸಮಿತಿ. ಪತ್ರ ಹೋಗಬೇಕಾದದ್ದು ಅದರ ಅಧ್ಯಕ್ಷರಿಗೆ, ಇಲ್ಲವೇ ಕಂಪನಿ ಸೆಕ್ರೆಟರಿಗೆ.

ಬಯೊಡೇಟಾ ಒಂಬತ್ತು ಪುಟ. ಎರಡಕ್ಕೆ ಇಳಿಸಿ ಎಂದು ಮೊದಲ ಭೇಟಿಯಲ್ಲೇ ಹೇಳಿದ್ದೆ. ಎರಡನೇ ಸಲ ಒಂದು ಪುಟ ಕಡಿದು ಇನ್ನೊಂದು ಪುಟ ಸೇರಿಸಿ ತಂದರು. ಮೂರನೇ ಭೇಟಿಯಲ್ಲಿ ಹಿಂದಿನಿಂದ ಮುಂದಕ್ಕೆ ಓದುವ ಎಂದೆ. ಒಂಬತ್ತನೇ ಪುಟದ ಕೊನೆಯ ಸಾಲು ಹೀಗಿತ್ತು: ‘ಇತರ ಹವ್ಯಾಸಗಳು: ಯಕ್ಷಗಾನ ವೀಕ್ಷಣೆ, ಊರಿನ ಸೌಹಾರ್ದ ಸಹಕಾರಿಯ ನಿರ್ದೇಶಕ.’

“ಸರ್, ಇದು ಎಷ್ಟು ವರ್ಷದಿಂದ?”

“ನಾಲ್ಕು ಆಯ್ತು ಮೇಡಂ. ಅದೆಲ್ಲ ಬರೀಲಿಕ್ಕೆ ಉಂಟಾ? ಊರಿನವರು ಒತ್ತಾಯ ಮಾಡಿದ್ರು ಅಂತ ಕೂತದ್ದು.”

“ಕೂತು ಎಂತ ಮಾಡ್ತೀರಿ?”

“ಎಂತ ಇಲ್ಲ. ಕಾಗದ ಓದ್ತೇನೆ, ಕೇಳ್ತೇನೆ. ಕೆಲವರಿಗೆ ನನ್ನ ಮೇಲೆ ಬೇಜಾರೂ ಉಂಟು.”

ಬೇಜಾರಿನ ಕಾರಣ ಹೊರಡಿಸಲು ಅರ್ಧ ಗಂಟೆ ಬೇಕಾಯಿತು. ನಿರ್ದೇಶಕರೊಬ್ಬರ ತಮ್ಮನ ಸಾಲದ ಕಡತ ಸಭೆಗೆ ಬಂದಿತ್ತು. “ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಆಮೇಲೆ ನಾವು ಮಾತಾಡುವ ಅಂದೆ. ಅವರು ಎರಡು ತಿಂಗಳು ನನ್ನ ಹತ್ರ ಮಾತೇ ಆಡ್ಲಿಲ್ಲ ಮಾರಾಯ್ರೆ. ಮುಂದಿನ ಸಭೆಯಲ್ಲಿ ಅದನ್ನೇ ನಿರ್ಣಯ ಮಾಡಿ ನಡಾವಳಿಯಲ್ಲಿ ಬರೆಸಿದೆ.” ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: “ಅದು ಊರಿನ ವಿಷಯ ಮೇಡಂ. ಕಂಪನಿಯವರಿಗೆ ಎಂತಕ್ಕೆ?”

ಕಂಪನಿಯವರಿಗೆ ಬೇಕಾದದ್ದೇ ಅದು. ಹಿತಾಸಕ್ತಿ ಇರುವ ನಿರ್ದೇಶಕ ಅದನ್ನು ಮೊದಲೇ ತಿಳಿಸಬೇಕು, ಆ ಚರ್ಚೆಯಲ್ಲಿ ಸೇರಬಾರದು ಎನ್ನುತ್ತದೆ ಕಂಪನಿ ಕಾಯ್ದೆಯ 184ನೇ ಕಲಮು. ಇವರು ಊರಿನ ಸಣ್ಣ ಸಂಸ್ಥೆಯಲ್ಲಿ, ಪರಿಚಯದವರ ಮುಖ ನೋಡಿಕೊಂಡೇ ಅದನ್ನು ಮಾಡಿಸಿದ್ದರು. ಮಾಡಿಸಿ, ಯಕ್ಷಗಾನದ ಪಕ್ಕದಲ್ಲಿ ಕೂರಿಸಿದ್ದರು! ಉಳಿದ ಎಂಟೂ ಮುಕ್ಕಾಲು ಪುಟ ಯಾವ ಶಾಖೆಯಲ್ಲಿ ಠೇವಣಿ ಗುರಿ ಎಷ್ಟು ಶೇಕಡ ಮುಟ್ಟಿತು, ಯಾವ ವರ್ಷ ಯಾವ ತರಬೇತಿ, ಯಾರ ಕೈಯಿಂದ ಫಲಕ. ಗುರಿ ಮುಟ್ಟಿಸುವವರು ಕಂಪನಿಯಲ್ಲಿ ಸಂಬಳಕ್ಕೆ ಇದ್ದಾರೆ. ಕಾರ್ಯನಿರ್ವಾಹಕೇತರ, ಅಂದರೆ ದಿನದ ಕೆಲಸ ನಡೆಸದ, ನಿರ್ದೇಶಕರನ್ನು ಕೂರಿಸುವುದು ಅವರು ಇಟ್ಟ ಕಾಗದ ಓದಿ ಪ್ರಶ್ನೆ ಕೇಳಲಿಕ್ಕೆ.

ಆ ದಿನವೇ ಕುಳಿತು ಹೊಸದಾಗಿ ಬರೆಸಿದೆ. ಮೇಲೆ ಹೆಸರು, ಊರು, ಸಂಪರ್ಕ. ನಿರ್ದೇಶಕರ ಗುರುತಿನ ಸಂಖ್ಯೆ, ಅಂದರೆ ಡಿನ್, ಇದ್ದರೆ ಅದು. ಇವರಿಗೆ ಇರಲಿಲ್ಲ, ಸಹಕಾರಿಯ ನಿರ್ದೇಶಕರಿಗೆ ಅದು ಬೇಕಾಗುವುದಿಲ್ಲ. ಬದಲಿಗೆ ಸ್ವತಂತ್ರ ನಿರ್ದೇಶಕರ ದತ್ತಾಂಶ ಕೋಶದ ನೋಂದಣಿ ಸಂಖ್ಯೆ ಹಾಕಿದೆವು. ಕೇಂದ್ರದ ಕಂಪನಿ ವ್ಯವಹಾರ ಸಂಸ್ಥೆ ನಡೆಸುವ ಈ ಕೋಶಕ್ಕೆ ಒಂದು ವರ್ಷಕ್ಕೆ, ಐದು ವರ್ಷಕ್ಕೆ ಅಥವಾ ಆಜೀವ ಹೆಸರು ಕೊಡಬಹುದು. ವಿನಾಯಿತಿ ಇಲ್ಲದವರು ಎರಡು ವರ್ಷದೊಳಗೆ ಆನ್‌ಲೈನ್ ಪರೀಕ್ಷೆಯಲ್ಲಿ 50% ಅಂಕ ಪಡೆಯಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು. ಪಾಸಾಗಿದ್ದರೆ ಬಯೊಡೇಟಾದಲ್ಲಿ ಒಂದು ಸಾಲು ಸಾಕು.

ಅದರ ಕೆಳಗೆ ನಾಲ್ಕೈದು ಸಾಲಿನ ಪರಿಚಯ. ‘ಅವಕಾಶ ಕೋರುತ್ತೇನೆ’ ಅನ್ನುವ ಮಾತು ಬೇಡ. ಬೋರ್ಡಿನ ಮೇಜಿಗೆ ನೀವು ತರುವುದು ಏನು ಎಂಬುದಷ್ಟೇ ಸಾಕು: ಸಾಲದ ಅಪಾಯ ಅಳೆಯುವುದು, ಲೆಕ್ಕಪತ್ರ ಓದುವುದು, ಒಳ ನಿಯಂತ್ರಣ ಎಲ್ಲಿ ಸೋರುತ್ತದೆ ಎಂದು ಹುಡುಕುವುದು. ಲೆಕ್ಕಪರಿಶೋಧನಾ ಸಮಿತಿಗೆ ಇಂಥವರು ಬೇಕು. ಷೇರು ಪೇಟೆಯಲ್ಲಿರುವ ಕಂಪನಿಯ ಆ ಸಮಿತಿಯಲ್ಲಿ ಎಲ್ಲರಿಗೂ ಹಣಕಾಸಿನ ತಿಳಿವಳಿಕೆ ಇರಬೇಕು, ಒಬ್ಬರಿಗಾದರೂ ಲೆಕ್ಕಪತ್ರದ ಪರಿಣತಿ ಇರಬೇಕು ಎಂಬುದು ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮ.

ನಂತರ ಆಡಳಿತ ಮಂಡಳಿಯ ಅನುಭವ. ನೌಕರಿಯ ವಿವರ ಇದರ ಕೆಳಗೆ ಬರಬೇಕು, ಮೇಲೆ ಅಲ್ಲ. ಸಂಸ್ಥೆ ಯಾವ ಬಗೆಯದು, ಮಂಡಳಿಯಲ್ಲಿ ಎಷ್ಟು ಮಂದಿ, ಯಾವ ಉಪಸಮಿತಿ, ಯಾವಾಗಿನಿಂದ, ನಿಮ್ಮಿಂದ ಬದಲಾದ ನಿರ್ಣಯ ಒಂದೋ ಎರಡೋ. ಸಾಲಗಾರರ ಹೆಸರು ಎಲ್ಲಿಯೂ ಬರಕೂಡದು. ಬ್ಯಾಂಕಿನ ಗುಟ್ಟು ಬಯೊಡೇಟಾದಲ್ಲಿ ಬಿಟ್ಟುಕೊಟ್ಟವರನ್ನು ಯಾವ ಬೋರ್ಡೂ ಒಳಗೆ ಸೇರಿಸದು. ಮೂವತ್ತೇಳು ವರ್ಷದ ನೌಕರಿ ಹತ್ತು ಸಾಲಿಗೆ ಇಳಿಯಿತು. ಬೋರ್ಡಿನ ಮುಂದೆ ಟಿಪ್ಪಣಿ ಮಂಡಿಸಿದ ವರ್ಷಗಳಿಗೆ ಅದರಲ್ಲಿ ಆರು. ಫೋಟೊ, ತಂದೆಯ ಹೆಸರು, ವರ್ಗಾವಣೆಗಳ ಪಟ್ಟಿ, ‘ಮೇಲಿನ ವಿವರ ಸತ್ಯ’ ಎಂಬ ಪ್ರಮಾಣ ಎಲ್ಲ ಹೋಯಿತು. ಹುಟ್ಟಿದ ವರ್ಷ ಉಳಿಸಿದೆ, ಷೇರು ಪೇಟೆಯಲ್ಲಿ ಪಟ್ಟಿಗೊಂಡ ಕಂಪನಿಯಲ್ಲಿ 75 ದಾಟಿದವರಿಗೆ ಷೇರುದಾರರ ವಿಶೇಷ ನಿರ್ಣಯ ಬೇಕಾಗುವುದರಿಂದ ಅವರು ನೋಡಿಯೇ ನೋಡುತ್ತಾರೆ.

ಯಾರಿಗೆ ಕಳಿಸುವುದು? ವಾರ್ಷಿಕ ವರದಿ ತೆರೆದು ಕಾರ್ಪೊರೇಟ್ ಆಡಳಿತದ ಭಾಗ ಓದಿ. ಪಟ್ಟಿಗೊಂಡ ಕಂಪನಿ ಯಾವ ನಿರ್ದೇಶಕರಿಗೆ ಯಾವ ಪರಿಣತಿ ಎಂಬ ಕೋಷ್ಟಕವನ್ನು ಅಲ್ಲಿ ಕೊಡಲೇಬೇಕು. ನಿಮ್ಮ ಪರಿಣತಿಯ ಮನೆಯಲ್ಲಿ ಒಂದೇ ಹೆಸರಿದ್ದು, ಅವರ ಅವಧಿ ಮುಗಿಯುತ್ತಾ ಬಂದಿದ್ದರೆ ಬರೆಯಬಹುದು. ಸ್ವತಂತ್ರ ನಿರ್ದೇಶಕರಿಗೆ ಒಂದು ಅವಧಿ ಹೆಚ್ಚೆಂದರೆ ಐದು ವರ್ಷ, ಎರಡು ಅವಧಿ ಕಳೆದರೆ ಮೂರು ವರ್ಷ ಬಿಡುವು, ಆದ್ದರಿಂದ ಖಾಲಿಯಾಗುವ ಕುರ್ಚಿ ಮೊದಲೇ ಗೊತ್ತಾಗುತ್ತದೆ. ಇಪ್ಪತ್ತು ಕಡೆ ಎಸೆಯುವ ಬದಲು ಮೂರು ಕಡೆಗೆ ಕಳಿಸಿದೆವು.

ನಾಲ್ಕನೆಯದು ಅವರ ಮನಸ್ಸಿನಲ್ಲಿದ್ದ ಕಂಪನಿ. ಬೇಡ ಎಂದೆ. ಅವರ ಮಗಳ ಗಂಡ, ಅದೇ ಕಂಪನಿಯ ಲೆಕ್ಕಪರಿಶೋಧಕರ ಸಂಸ್ಥೆಯಲ್ಲಿ ಎರಡು ವರ್ಷದ ಹಿಂದಿನವರೆಗೆ ಕೆಲಸದಲ್ಲಿದ್ದವರು. 149ನೇ ಕಲಮಿನ 6ನೇ ಉಪಕಲಮಿನಂತೆ, ನೇಮಕದ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅಭ್ಯರ್ಥಿಯಾಗಲಿ ಅವರ ಸಂಬಂಧಿಯಾಗಲಿ ಆ ಸಂಸ್ಥೆಯ ನೌಕರರಾಗಿದ್ದರೂ ಸಾಕು, ‘ಸ್ವತಂತ್ರ’ ಎನ್ನುವಂತಿಲ್ಲ. ಸಂಬಂಧಿಗಳ ಪಟ್ಟಿಯಲ್ಲಿ ಮಗಳ ಗಂಡ ಇದ್ದಾನೆ. ತಂಗಿಯ ಮಗ ಇಲ್ಲ. ಆಸ್ತಿ ಸೋದರಳಿಯನಿಗೆ ಹೋಗುತ್ತಿದ್ದ ಅಳಿಯಸಂತಾನದ ನಾಡಿನವರಿಗೆ ಇದು ತಮಾಷೆಯಾಗಿ ಕಾಣಬಹುದು, ಆದರೆ ಕಾಯ್ದೆಯ ಅಳಿಯ ಬೇರೆ, ನಮ್ಮ ಅಳಿಯ ಬೇರೆ.

ಈ ಮೇಡಂ ಕೆಲಸ ಕೊಡಿಸುವವರೋ ತಪ್ಪಿಸುವವರೋ ಎಂದು ಅವರ ಮನೆಯವರು ಕೇಳಿದ್ದಾರಂತೆ. ಕೇಳಲಿ. ಸ್ವತಂತ್ರ ಎಂಬ ಘೋಷಣೆಗೆ ಮೊದಲ ಬೋರ್ಡ್ ಸಭೆಯಲ್ಲೂ, ಆಮೇಲೆ ಪ್ರತಿ ಹಣಕಾಸು ವರ್ಷದ ಮೊದಲ ಸಭೆಯಲ್ಲೂ ಸಹಿ ಹಾಕುವವರು ಅವರೇ. ಊರಿನ ಸಭೆಯಲ್ಲಿ ಇನ್ನೊಬ್ಬರನ್ನು ಹೊರಗೆ ಕೂರಿಸಿದ ಮನುಷ್ಯ ಅಲ್ಲಿ ಹೋಗಿ ಆ ಸಹಿ ಹಾಕುವುದು ಸರಿ ಕಾಣಲಿಲ್ಲ. ಅವರಿಗೂ ಕಂಡಿರಲಿಕ್ಕಿಲ್ಲ. ವಾದ ಮಾಡಲಿಲ್ಲ, ಕಂಪನಿಯ ಹೆಸರಿನ ಮೇಲೆ ತಾವೇ ಗೆರೆ ಎಳೆದರು.

ಮೂರರಲ್ಲಿ ಒಂದು ಕಡೆಯಿಂದ ಕಂಪನಿ ಸೆಕ್ರೆಟರಿ ಫೋನ್ ಮಾಡಿದ್ದಾರೆ, ಮಾತುಕತೆ ಇನ್ನೂ ನಡೆದಿದೆ. ಹೋಗುವ ಮೊದಲು ಅವರು ಕೇಳಿದ ಕೊನೆಯ ಪ್ರಶ್ನೆ, ಬ್ಯಾಂಕಿನ ಹೆಸರು ಹಳೆಯದೇ ಬರೆಯಬಹುದಾ ಎಂದು. ಬರೆಯಬಹುದು, ಅಲ್ಲಿ ದುಡಿದದ್ದು ಹೌದಲ್ಲ. ಪಕ್ಕದಲ್ಲಿ ಈಗ ಯಾವ ಬ್ಯಾಂಕ್ ಎಂದು ಸಣ್ಣದಾಗಿ ಸೇರಿಸಬೇಕು, ಹಿನ್ನೆಲೆ ವಿಚಾರಿಸುವವರ ಪತ್ರ ಹೋಗುವುದು ಆ ವಿಳಾಸಕ್ಕೆ.