ಕೃಷಿ ಬಿಟ್ಟರೆ ಮುಂದೆ ಬರುತ್ತೇವೆ ಅಂತ ಜಮೀನು ಮಾರಲು ಹೊರಟವರಿಗೆ

ಮುಂದುವರಿದ ದೇಶಗಳಲ್ಲಿ ಕೃಷಿ ಮಾಡುವವರು ಬೆರಳೆಣಿಕೆಯಷ್ಟು, ನಾವು ಮಾತ್ರ ಎರಡೆಕರೆ ಹಿಡಿದುಕೊಂಡು ಕೂತಿದ್ದೇವೆ, ಮಾರಿ ಬೆಂಗಳೂರು ಸೇರೋದೇ ಸರಿ ಅಲ್ವಾ ಅಂತ ಕೇಳಿದ್ದೀರಿ. ಓದಿ ಎದೆ ಝಲ್ಲೆಂದಿತು. ನಮ್ಮಪ್ಪನ ಮುಂದೆ ನಾನು ಆಡಿದ ಮಾತೂ ಇದೇ.

ನಮ್ಮದು ಮದ್ದೂರು ತಾಲ್ಲೂಕು, ನಾಲೆ ನೀರಿನ ಗದ್ದೆ. ನಾನಾಗ ಬಿ.ಎ. ಓದುತ್ತಿದ್ದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಮೂರು ವಲಯಗಳ ಪಟ್ಟಿ ಇತ್ತು. ಕೃಷಿಯ ಪಾಲು ಇಳಿಯುತ್ತೆ, ಕೈಗಾರಿಕೆಯದು ಏರುತ್ತೆ, ಆಮೇಲೆ ಸೇವಾ ವಲಯ ಎಲ್ಲರನ್ನೂ ಮೀರಿಸುತ್ತೆ. ಅದನ್ನು ಅಪ್ಪನ ಮುಂದೆ ಹಿಡಿದೆ. ಆ ವರ್ಷ ಕಬ್ಬಿನ ಬಾಕಿ ಬಂದಿರಲಿಲ್ಲ, ಅವರೂ ಬೇಸತ್ತಿದ್ದರು. ಗದ್ದೆ ಮಾರಿದೆವು. ಬಂದ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಒಂದು ಮನೆ ಲೀಸಿಗೆ ಹಾಕಿಕೊಂಡು, ಉಳಿದದ್ದನ್ನು ಅಣ್ಣನ ಅಂಗಡಿಗೆ ಸುರಿದೆವು.

ನಾನು ತಪ್ಪಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅಲ್ಲೇ ತಪ್ಪುತ್ತಿದ್ದೀರಿ. ಪಾಲು ಇಳಿಯುತ್ತೆ ಅಂದರೆ ಬೇಸಾಯ ಸೊರಗುತ್ತೆ ಅಂತ ನಾನು ಓದಿಕೊಂಡೆ. ಹಾಗಲ್ಲ. 1950-51ರಲ್ಲಿ ಇಡೀ ದೇಶ ಬೆಳೆದ ಆಹಾರಧಾನ್ಯ ಸುಮಾರು 5 ಕೋಟಿ ಟನ್. 2022-23ರಲ್ಲಿ ಅದು 33 ಕೋಟಿ ಟನ್ ಹತ್ತಿರ ಬಂತು. ಬೆಳೆ ಆರು ಪಟ್ಟು ಜಾಸ್ತಿಯಾಗಿದೆ. ಆದರೂ ದೇಶದ ಉತ್ಪನ್ನದಲ್ಲಿ ಅರ್ಧದಷ್ಟಿದ್ದ ಕೃಷಿಯ ಪಾಲು ಐದನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಮಿಕ್ಕ ವಲಯಗಳು ಇನ್ನೂ ಜೋರಾಗಿ ಬೆಳೆದವು, ಅಷ್ಟೇ.

ಎರಡನೆಯದು ಇದಕ್ಕಿಂತ ಮುಖ್ಯ. ಉತ್ಪನ್ನದ ಪಾಲು ಬೇರೆ, ಕೆಲಸಗಾರರ ಪಾಲು ಬೇರೆ. ಇವತ್ತಿಗೂ ಇಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 45 ಜನ ಕೃಷಿಯಲ್ಲೇ ಇದ್ದಾರೆ. ತಯಾರಿಕಾ ವಲಯದಲ್ಲಿ ಇರುವವರು 11-12 ಜನ. ಹಾಗಾದರೆ ಹೊಲ ಬಿಟ್ಟವನು ಎಲ್ಲಿಗೆ ಹೋಗಬೇಕು? ಗಾರೆ ಕೆಲಸ, ಸೆಕ್ಯೂರಿಟಿ, ಡ್ರೈವಿಂಗ್, ಡೆಲಿವರಿ. ನಾನು ಓದಿದ ಪಟ್ಟಿಯಲ್ಲಿ ನಡುವೆ ಇದ್ದ ಆ ಕಾರ್ಖಾನೆಯ ಮೆಟ್ಟಿಲು ನಮಗೆ ಸರಿಯಾಗಿ ಸಿಗಲೇ ಇಲ್ಲ.

ದಕ್ಷಿಣ ಕೊರಿಯಾ ನೋಡಿ. 1963ರಲ್ಲೂ ಅಲ್ಲಿ ನೂರಕ್ಕೆ 63 ಜನ ಕೃಷಿ, ಮೀನುಗಾರಿಕೆಯಲ್ಲೇ ಇದ್ದರು. ಈಗ ಐದರ ಆಸುಪಾಸು. ಆದರೆ ಅವರು ಸುಮ್ನೆ ಹೊಲ ಬಿಟ್ಟು ಹೊರಟವರಲ್ಲ. 1950ರ ಭೂಸುಧಾರಣೆಯಲ್ಲಿ ಒಂದು ಮನೆಗೆ ಹೆಚ್ಚೆಂದರೆ 3 ಹೆಕ್ಟೇರ್ ಅಂತ ಮಿತಿ ಹಾಕಿ, ಗೇಣಿದಾರರಿಗೆ ಜಮೀನು ಕೊಟ್ಟರು. ಆ ಮನೆಗಳ ಮಕ್ಕಳು ಶಾಲೆ ಕಲಿತರು. ಆಮೇಲೆ ಬಟ್ಟೆ, ವಿಗ್, ಶೂ ಕಾರ್ಖಾನೆಗಳು ಬಂದವು, ಅದಾದ ಮೇಲೆ ಹಡಗು, ಕಾರು. ಸಂಬಳ ಕರೆಯಿತು, ಜನ ಹೋದರು.

ಅಷ್ಟು ದೂರ ಯಾಕೆ, ನಮ್ಮ ಮಂಡ್ಯವೇ ಇದೆಯಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ನಾಲೆ ಬಂತು, ರಾಗಿ ಹೊಲಗಳಲ್ಲಿ ಕಬ್ಬು ಎದ್ದಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ನಮ್ಮೂರಿನ ಆಲೆಮನೆಯನ್ನೇ ತೆಗೆದುಕೊಳ್ಳಿ. ಗಾಣಕ್ಕೆ ಕಬ್ಬು ಕೊಡುವವನೊಬ್ಬ, ಒಲೆಗೆ ಸಿಪ್ಪೆ ತಳ್ಳುವವನೊಬ್ಬ, ಕೊಪ್ಪರಿಗೆ ಮೇಲಿನ ಕೊಳೆ ತೆಗೆದು ಪಾಕದ ಹದ ನೋಡುವವನೊಬ್ಬ, ಅಚ್ಚಿಗೆ ಸುರಿಯುವವರು, ಮಂಡಿಗೆ ಸಾಗಿಸುವವರು. ಕೈಗಾರಿಕೆ ಮತ್ತು ಸೇವೆ ಎರಡೂ ಗದ್ದೆಯ ಬದುವಿನಲ್ಲೇ ಇದ್ದವು. ನಾನು ಅವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು. ಅಕ್ಕಪಕ್ಕದ ಬಾಡಿಗೆ ಮನೆಯವರು ಗಂಟುಮೂಟೆ ಕಟ್ಟಿ ಊರಿಗೆ ಹೋದರು. ದೇಶದ ಲೆಕ್ಕದಲ್ಲೂ ಅದು ಕಾಣುತ್ತೆ: ದುಡಿಯುವವರಲ್ಲಿ ಕೃಷಿಯ ಪಾಲು 2018-19ರಲ್ಲಿ ನೂರಕ್ಕೆ 42.5 ಇದ್ದದ್ದು 2019-20ರಲ್ಲಿ 45.6ಕ್ಕೆ ಏರಿತು. ಹೋದವರಿಗೆ ಅಲ್ಲಿ ಲಾಭ ಇತ್ತು ಅಂತಲ್ಲ, ಊಟ ಇತ್ತು. ನಮಗೆ ವಾಪಸ್ ಹೋಗಲು ಜಾಗ ಇರಲಿಲ್ಲ. ಅಪ್ಪ ಅವತ್ತು ಅಂಗಡಿ ಅಕ್ಕಿಯ ಮೂಟೆ ಬಿಚ್ಚಿ, ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡುತ್ತಾ ನಿಂತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ.

ಆದ್ದರಿಂದ ನೇರವಾಗಿ ಹೇಳುತ್ತೇನೆ, ಮಾರಬೇಡಿ. ಕೃಷಿ ಬಿಡುವುದಕ್ಕೆ ನನ್ನ ಆಕ್ಷೇಪವಿಲ್ಲ, ನೀವು ಖಂಡಿತ ಬೇರೆ ಕೆಲಸಕ್ಕೆ ಹೋಗಿ. ಆದರೆ ನೀವೊಬ್ಬರೇ ಹೋಗಿ. ಐ.ಟಿ.ಐ., ಡಿಪ್ಲೊಮಾ, ಯಾವುದಾದರೂ ಕೈಕಸುಬು ಕಲಿತು, ಪಿ.ಎಫ್., ಇ.ಎಸ್.ಐ. ಇರುವ ಕೆಲಸ ಹಿಡಿಯಿರಿ. ಸಂಬಳದಲ್ಲಿ ಬಾಡಿಗೆ, ರೇಷನ್ ಕಳೆದು ಎಷ್ಟು ಉಳಿಯುತ್ತೆ ನೋಡಿ. ಗದ್ದೆಯ ಲೆಕ್ಕ ಹಾಕುವಾಗ ಮನೆಗೆ ಬರುವ ಅಕ್ಕಿ, ರಾಗಿ, ಹಾಲಿಗೂ ಬೆಲೆ ಕಟ್ಟಿ. ಪಹಣಿ ಅಪ್ಪನ ಹೆಸರಲ್ಲೇ ಇರಲಿ.